ಆಫ್ ಆಗದ ಪೆಟ್ಟಿಗೆ

ಬೀದಿಯವರಿಗೆಲ್ಲ ಅವನು ಕಂಬದಣ್ಣ. ಲೈನ್‌ಮನ್ ಆಗಿ ತಲೆ ನರೆಯುವವರೆಗೆ ಕರೆಂಟು ಕಂಬ ಹತ್ತಿ ಇಳಿದವನು. ನಿವೃತ್ತಿಯಾದರೂ ಹೆಸರು ಮಾತ್ರ ಕಂಬದಿಂದ ಇಳಿಯಲಿಲ್ಲ. ಹೆಂಡತಿ ನೂಲಿನ ಗಿರಣಿಯಲ್ಲಿ ನಿಂತೇ ದುಡಿದು ಮಂಡಿ ಸವೆಸಿಕೊಂಡವಳು. ಎರಡು ಬೀದಿ ಆಚೆಗಿನ ತಂಗಿಯ ಮನೆಗೆ ಹೋಗಬೇಕಾದರೂ ಯಾರದಾದರೂ ಗಾಡಿಗೆ ಕಾಯಬೇಕಿತ್ತು. ಹಾಗೆ ಬಾಗಿಲಲ್ಲಿ ಕಾಯುತ್ತ ಕೂತವಳನ್ನು ನೋಡಿ ನೋಡಿ ಅವನಿಗೆ ತಡೆಯದಾಯಿತು. ಮೂರು ಗಾಲಿಯ ಸೈಕಲ್ಲೊಂದನ್ನು ತಂದು, ಅದಕ್ಕೆ ಮೋಟಾರು ಕೂರಿಸಿ, ಯಾರೋ ಬಿಟ್ಟುಹೋಗಿದ್ದ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಬಿಚ್ಚಿ ಹೊಸ ಪೆಟ್ಟಿಗೆಗೆ ಜೋಡಿಸತೊಡಗಿದ.

ನಡುಮನೆಯ ತುಂಬ ವೈರು ಹರಡಿದ್ದನ್ನು ಕಂಡ ನಾದಿನಿ, "ಭಾವ, ಇದು ಶಾಕ್ ಹೊಡೆಯಲ್ವಾ?" ಎಂದು ಕೇಳಿದಳು.

"ಹನ್ನೊಂದು ಸಾವಿರ ವೋಲ್ಟಿನ ಜೊತೆ ಬಾಳ್ವೆ ಮಾಡಿದೋನು ನಾನು. ಇದು ಬರೀ ನಲವತ್ತೆಂಟು. ಕಚಗುಳಿನೂ ಇಡಲ್ಲ."

ಕಂಬದ ಕೆಲಸದಲ್ಲಿ ಅವನಷ್ಟು ಹುಷಾರಿನವನು ಇರಲಿಲ್ಲ. ಕೈಗವಸಿಲ್ಲದೆ, ಲೈನ್ ಆಫ್ ಆಗಿದೆಯೇ ಎಂದು ಎರಡೆರಡು ಸಲ ಕೇಳದೆ ಒಂದು ಹೆಜ್ಜೆ ಮೇಲಿಟ್ಟವನಲ್ಲ. ಮನೆಯೊಳಗೆ ಮಾತ್ರ ಬನಿಯನ್ನಿನಲ್ಲಿ, ಬರಿಗೈಯಲ್ಲಿ, ಬೆರಳಿನ ಉಂಗುರವನ್ನೂ ತೆಗೆಯದೆ ಕೂತಿದ್ದ. ಫ್ಯೂಸನ್ನು ಕೊನೆಗೆ ಹಾಕಿದರಾಯಿತು ಎಂದುಕೊಂಡಿದ್ದ.

ಸ್ಪ್ಯಾನರು ಬ್ಯಾಟರಿಯ ಪ್ಲಸ್ ತುದಿಯ ನಟ್ಟಿನ ಮೇಲಿತ್ತು. ಅದನ್ನು ಒತ್ತಿ ಹಿಡಿಯಲು ಎಡಗೈ ಚಾಚಿದ್ದೇ ತಡ, ಉಂಗುರ ಒಂದು ಕಡೆ ಸ್ಪ್ಯಾನರಿಗೂ ಇನ್ನೊಂದು ಕಡೆ ಮೈನಸ್ ತುದಿಗೂ ತಗುಲಿತು. ಚಟ್ ಎಂದು ನೀಲಿ ಕಿಡಿ ಹಾರಿತು. ಶಾಕ್ ಹೊಡೆಯಲಿಲ್ಲ, ಅದರಲ್ಲಿ ಅವನ ಲೆಕ್ಕ ಸರಿಯೇ ಇತ್ತು. ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉಂಗುರ ಕೆಂಡವಾಗಿ ಬೆರಳನ್ನು ಸುತ್ತಲೂ ಸುಟ್ಟಿತು. ಹೆಂಡತಿ ಮಂಡಿನೋವು ಮರೆತು ಓಡಿಬಂದು ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಬೆರಳು ಊದಿಕೊಂಡು ಉಂಗುರ ಜಗ್ಗಲಿಲ್ಲ. ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆದರು.

ಬ್ಯಾಂಡೇಜು ಕಟ್ಟಿಕೊಂಡು ಕೂತವನಿಗೆ ಯೋಚನೆಯೇ ಕೆಲಸವಾಯಿತು. ಕಂಬ ಹತ್ತುವಾಗ ಒಂದು ಫೋನು ಮಾಡಿದರೆ ಸಬ್‌ಸ್ಟೇಷನ್ನಿನವರು ಲೈನ್ ಆಫ್ ಮಾಡುತ್ತಿದ್ದರು. ಆ ನಂಬಿಕೆಯ ಮೇಲೆಯೇ ಅವನ ಧೈರ್ಯವೆಲ್ಲ ನಿಂತಿತ್ತು. ಈ ಪೆಟ್ಟಿಗೆಗೆ ಆಫ್ ಎನ್ನುವುದೇ ಇಲ್ಲ. ಸ್ವಿಚ್ಚು ಹೊರಗಿನ ವೈರನ್ನಷ್ಟೇ ಸುಮ್ಮನಾಗಿಸುತ್ತದೆ, ಒಳಗಿನ ಸೆಲ್ಲುಗಳು ಸದಾ ಎಚ್ಚರ. ಮೊಣಕಾಲೆತ್ತರದ ವಸ್ತುವಿನ ಮುಂದೆ ತಾನು ಮೈಮರೆತೆನಲ್ಲ ಎಂದು ನಾಚಿಕೆಯಾಯಿತು. ಗಾಡಿಯನ್ನು ಗುಜರಿಗೆ ಹಾಕಿಬಿಡುತ್ತೇನೆ ಎಂದ.

"ನಾನು ಬೇಡ ಅಂದ್ನಾ?" ಎಂದಳು ಹೆಂಡತಿ. "ಕಂಬಕ್ಕೆ ಹೆದರ್ತಿದ್ರಲ್ಲ, ಹಂಗೇ ಇದಕ್ಕೂ ಹೆದರ್ಕೊಂಡು ಮಾಡಿ. ಅದಿರ್ಲಿ, ಚಾರ್ಜಿಗೆ ಎಲ್ಲಿ ಇಡ್ತೀರಿ?"

ಅವನು ಮುಂಬಾಗಿಲ ಪಕ್ಕದ ಪ್ಲಗ್ಗು ತೋರಿಸಿದ.

"ಇರೋದು ಒಂದೇ ಬಾಗಿಲು. ಅಲ್ಲೇ ಬೆಂಕಿ ಹೊತ್ಕೊಂಡ್ರೆ ಈ ಮಂಡಿ ಇಟ್ಕೊಂಡು ನಾನು ಯಾವ ಕಡೆ ಓಡ್ಲಿ?"

ಅವನು ಗುಜರಿಯ ಮಾತು ಬಿಟ್ಟ. ಬೆರಳು ವಾಸಿಯಾದ ಮೇಲೆ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಶುರುಮಾಡಿದ. ಸ್ಪ್ಯಾನರುಗಳ ಹಿಡಿಗೆ ಟೇಪು ಸುತ್ತಿದ, ಒಂದು ತುದಿ ಬಿಗಿಯುವಾಗ ಉಳಿದವಕ್ಕೆ ರಬ್ಬರು ಮುಚ್ಚಿದ. ಈ ಸಲ ಫ್ಯೂಸು ಮೊದಲೇ, ಬ್ಯಾಟರಿಯ ಮಗ್ಗುಲಲ್ಲೇ ಕೂತಿತು. ಊದಿದಂತೆ ಕಂಡ ಸೆಲ್ಲನ್ನು ಮರುಕಪಡದೆ ಹೊರಗಿಟ್ಟ. ಚಾರ್ಜು ಮಿತಿಮೀರಿದರೆ ತಾನಾಗಿ ತಡೆಯುವ ಬೋರ್ಡನ್ನೂ ಸೇರಿಸಿದ. ಅಂಗಳದ ಆಚೆ ತುದಿಯಲ್ಲಿ, ಬಾಗಿಲಿನಿಂದ ದೂರವಾಗಿ, ಗಾಡಿಗೊಂದು ತಗಡಿನ ಮಾಡು ಎದ್ದಿತು.

ಮೊದಲ ದಿನ ಅವಳು ಗಾಡಿ ಹತ್ತಿದಾಗ ಅವನು ಪಕ್ಕದಲ್ಲೇ ನಡೆದ. ಬೀದಿಯ ತಿರುವಿನಲ್ಲಿ ಅವಳು ವೇಗ ಹೆಚ್ಚಿಸಿ, ತಂಗಿಯ ಮನೆಯಲ್ಲಿ ಸಿಗುತ್ತೇನೆಂದು ಹೇಳಿ ಮುಂದೆ ಹೋಗಿಯೇಬಿಟ್ಟಳು. ಅವನು ಬೆವರು ಒರೆಸಿಕೊಂಡು ನಿಂತ.

ಚಾರ್ಜಿಗೆ ಇಟ್ಟಾಗ ಕಣ್ಣಳತೆಯಲ್ಲಿ ಒಬ್ಬರು ಇರಲೇಬೇಕೆಂಬುದು ಅವನ ಕಟ್ಟಳೆ. ಸಂಜೆ ಕಾಯಲು ಅವನು ಕುರ್ಚಿ ಹಾಕಿಕೊಂಡರೆ, ಅವಳೂ ಸೊಪ್ಪು ಬಿಡಿಸುತ್ತ ಬಂದು ಕೂರುತ್ತಾಳೆ. ಪಾಳಿ ಕೆಲಸದ ವರ್ಷಗಳಲ್ಲಿ ಹೀಗೆ ಜೊತೆಗೆ ಕೂತದ್ದು ಇಬ್ಬರಿಗೂ ನೆನಪಿಲ್ಲ. ಚಾರ್ಜು ತುಂಬಿ ದೀಪ ಹಸಿರಾದ ಮೇಲೂ ಕೆಲವು ದಿನ ಅವರು ಏಳುವುದಿಲ್ಲ.