ಯುಗಾದಿಯವರೆಗಿನ ವಾಯಿದೆ

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಹುಳಿಯಾರಿನಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಕೊಬ್ಬರಿ ಲೋಡಿನ ಲಾರಿ ಓಡಿಸುತ್ತಿದ್ದರು. ಮನೆಯ ಒಡತಿ ಗಂಡನಿಲ್ಲದ ಹೆಂಗಸು. ಮುಂದಿನ ಭಾಗದಲ್ಲಿ ಅವರು, ಹಿಂದೆ ನಾವು. ನೀರಿನ ನಲ್ಲಿ, ಬಟ್ಟೆ ಒಗೆಯುವ ಕಲ್ಲು ಎರಡು ಮನೆಗೂ ಒಂದೇ. ನನಗೆ ತಾಯಿ ಇರಲಿಲ್ಲ. ಮಗಳು ಹುಟ್ಟಿದಾಗ ಬಾಣಂತನ ಮಾಡಿದವರು ಆ ಅಮ್ಮನೇ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಾ, "ನಿಮ್ಮವ್ವ ಬಲೇ ಪುಕ್ಲಿ ಕಣೇ" ಎಂದು ಅದಕ್ಕೆ ನನ್ನ ಮೇಲೆ ಚಾಡಿ ಹೇಳುತ್ತಿದ್ದರು.

ಶಿರಾ ಹತ್ತಿರ ಲಾರಿ ಪಲ್ಟಿಯಾಗಿ ಗಂಡನ ತೊಡೆಯ ಮೂಳೆ ಮುರಿಯಿತು. ರಾಡ್ ಹಾಕಿ ಮಲಗಿಸಿದರು. ನಾನು ಬ್ಲೌಸ್ ಹೊಲಿದು ತಂದದ್ದು ಊಟಕ್ಕೆ, ಔಷಧಿಗೆ ಆಗಿಹೋಗುತ್ತಿತ್ತು. ಬಾಡಿಗೆ ನಿಂತಿತು. ಅಮ್ಮನಿಗೆ ಆ ಬಾಡಿಗೆಯೇ ಜೀವನ, ಆದರೂ ಮೊದಮೊದಲು ಕೇಳಲಿಲ್ಲ. ಅಷ್ಟರಲ್ಲಿ ಅವರ ಮಗಳು ಗಂಡನ ಜೊತೆ ಬಾಳಲಾಗದೆ ಇಬ್ಬರು ಮಕ್ಕಳೊಂದಿಗೆ ತವರಿಗೆ ಬಂದಳು.

"ಮನೆ ಬುಡವ್ವಾ, ಅವಳನ್ನ ಎಲ್ಲಿಡ್ಲಿ ನಾನು?"

"ಇವರು ಎದ್ದು ಓಡಾಡೋಗಂಟ ತಡ್ಕಳಿ ಅಮ್ಮ" ಎಂದೆ.

ತಡೆದರು. ಕೊನೆಗೆ ಅವರ ತಮ್ಮ ಬಂದು ಕೇಸು ಹಾಕಿಸಿದ.

ಮನೆ ಖಾಲಿ ಮಾಡಬೇಕೆಂದು ಚಿಕ್ಕನಾಯಕನಹಳ್ಳಿ ಕೋರ್ಟಿನಲ್ಲಿ ಆದೇಶವಾಯಿತು. ನಮ್ಮ ವಕೀಲರು ಡಾಕ್ಟರ ಚೀಟಿ ಲಗತ್ತಿಸಿ, ಕಾಲಾವಕಾಶ ಕೋರಿ ಅರ್ಜಿ ಹಾಕಿದರು. "ಇನ್ಮೇಲೆ ಆ ಅಮ್ಮನ ಹತ್ರ ಮಾತಾಡ್ಬೇಡಿ. ಬಾಯ್ತಪ್ಪಿ ಏನಾದ್ರೂ ಒಪ್ಕೊಂಡ್ರೆ ಅದನ್ನೇ ಹಿಡ್ಕೋತಾರೆ" ಎಂದರು. ಅವರ ವಕೀಲರೂ ಅವರಿಗೆ ಅದನ್ನೇ ಹೇಳಿದ್ದರೇನೋ. ನಲ್ಲಿಯ ಹತ್ತಿರ ಒಬ್ಬರು ಕಂಡರೆ ಇನ್ನೊಬ್ಬರು ಕೊಡ ಬಿಟ್ಟು ಒಳಗೆ ಹೋಗುವಂತಾಯಿತು.

ಅರ್ಜಿ ವಿಚಾರಣೆಗೆ ಬಂದಾಗ ಅವರ ವಕೀಲರು ಜೋರಾಗಿ ತಕರಾರು ತೆಗೆದರು. ಬಾಡಿಗೆಯನ್ನೂ ಕೊಡುವುದಿಲ್ಲ, ಮನೆಯನ್ನೂ ಬಿಡುವುದಿಲ್ಲ ಎಂದರೆ ಹೇಗೆ ಎಂದರು. ಅವರು ಹೇಳಿದ್ದೇನೂ ಸುಳ್ಳಲ್ಲ. ನಾನು ತಲೆ ತಗ್ಗಿಸಿ ನಿಂತಿದ್ದೆ. ಜಡ್ಜು ಅಮ್ಮನ ಕಡೆ ತಿರುಗಿ, "ನೀವೇನಂತೀರಮ್ಮ?" ಎಂದು ಕೇಳಿದರು.

ಅಮ್ಮ ಸೆರಗು ಹೊದ್ದುಕೊಂಡು ಎದ್ದರು. "ಕೊಡಿ ಸ್ವಾಮಿ. ಕಾಲೂರಕ್ಕಾಗದೋನ್ನ ಬೀದಿಗಾಕಿ ನಾನೆಂಗೆ ಉಣ್ಲಿ?"

ಅವರ ವಕೀಲರು ಫೈಲು ಮಡಚಿದರು. ನಮಗೆ ಯುಗಾದಿಯವರೆಗೆ ವಾಯಿದೆ ಸಿಕ್ಕಿತು.

ವಾಪಸು ಹೋಗುವಾಗ ಇಬ್ಬರಿಗೂ ಒಂದೇ ಬಸ್ಸು. ಅಮ್ಮನ ಪಕ್ಕದ ಸೀಟು ಖಾಲಿ ಇತ್ತು. ನಾನು ಮಗಳನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಕಂಬಿ ಹಿಡಿದು ನಿಂತಿದ್ದೆ. "ಸೀಟೈತಲ್ಲಮ್ಮ, ಕೂತ್ಕಳಿ" ಎಂದ ಕಂಡಕ್ಟರು. "ಪರವಾಗಿಲ್ಲ" ಎಂದೆ. ಅಮ್ಮ ಒಮ್ಮೆ ತಿರುಗಿ ಮಗುವನ್ನು ನೋಡಿ ಮತ್ತೆ ಕಿಟಕಿಯ ಕಡೆ ಮುಖ ಮಾಡಿದರು. ವಕೀಲರ ಮಾತಿಗಿಂತ ಹೆಚ್ಚಾಗಿ ನಾಚಿಕೆಯೇ ನನ್ನ ಕಾಲು ಕಟ್ಟಿಹಾಕಿತ್ತು. ಅವತ್ತು ಹೋಗಿ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು, ಮಾತು ತಾನಾಗಿಯೇ ಬರುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

ಯುಗಾದಿಯವರೆಗೂ ಹಾಗೆಯೇ ಕಳೆದೆವು. ಮುಂದಿನ ಒಂದೇ ಕೋಣೆಯಲ್ಲಿ ಅವರ ಮೊಮ್ಮಕ್ಕಳು ಜಾಗಕ್ಕಾಗಿ ಕಿತ್ತಾಡುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಗಂಡ ಕೋಲು ಹಿಡಿದು ನಡೆಯುವಂತಾದಾಗ ತಿಪಟೂರಿಗೆ ಹೋದೆವು. ಅಲ್ಲಿನ ಕೊಬ್ಬರಿ ಮಂಡಿಯೊಂದರಲ್ಲಿ ಅವರಿಗೆ ಕಾವಲು ಕೆಲಸ ಸಿಕ್ಕಿತ್ತು. ಬಾಕಿಯನ್ನು ಕೋರ್ಟಿನಲ್ಲೇ ಕಟ್ಟಿದೆವು. ಬೀಗದ ಕೈಯನ್ನೂ ವಕೀಲರಿಗೇ ಕೊಟ್ಟೆ.

ಕೆಲವು ವರ್ಷಗಳ ಮೇಲೆ ಮದುವೆಯೊಂದಕ್ಕೆ ಹುಳಿಯಾರಿಗೆ ಹೋದಾಗ ಮಗಳನ್ನು ಕರೆದುಕೊಂಡು ಆ ಮನೆಗೆ ಹೋದೆ. ಅಮ್ಮ ಸೊರಗಿದ್ದರು. "ಬನ್ರೀ, ಕೂತ್ಕಳ್ರೀ. ನಿಮ್ ಯಜಮಾನ್ರು ಚೆನ್ನಾಗವ್ರಾ?" ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದೇ ಇಲ್ಲ.

"ಅವತ್ತು ಕೋರ್ಟಲ್ಲಿ ನೀವು..." ಎಂದು ಶುರು ಮಾಡಿದೆ.

"ಅದೆಲ್ಲ ಯಾಕೆ ಬುಡಿ ಈಗ" ಎಂದು ಕಾಫಿಗೆ ಹೇಳಿದರು. ಹೊರಡುವಾಗ ತಮ್ಮ ಮಗಳ ಕೈಯಿಂದ ನನಗೆ ಕುಂಕುಮ ಕೊಡಿಸಿದರು.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ನನ್ನ ಮಗಳು, "ಯಾರಮ್ಮ ಅವರು?" ಎಂದು ಕೇಳಿದಳು.

"ಮೊದ್ಲು ಅವರ ಮನೇಲಿ ಬಾಡಿಗೆಗಿದ್ವಿ" ಎಂದೆ.