ಐದನೇ ಸ್ಟಾಪಿನಲ್ಲಿ ಹತ್ತಿದ ಮಗ್ಗಿ

ನೆಲ ಅಲುಗಾಡದಿದ್ದರೂ ಅವರು ಕಾಲು ಅಗಲಿಸಿ, ಎಡಗೈ ಮೇಲೆತ್ತಿ, ಜಗಲಿಯ ಅಡ್ಡತೊಲೆ ಹಿಡಿದೇ ನಿಲ್ಲುತ್ತಿದ್ದರು. ಬ್ರಹ್ಮಾವರದಿಂದ ಕೋಟದ ಮೂಲಕ ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಕೋಟದಲ್ಲಿ ನಮ್ಮ ನೆರೆಮನೆಯವರು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಊರಿಗೆಲ್ಲ ಅವರು ಕಂಡಕ್ಟ್ರು. ಅಂಗಿಯ ಕಿಸೆಯಲ್ಲಿ ವಿಸಿಲ್ ಇದ್ದೇ ಇರುತ್ತಿತ್ತು. ಹಾಲು ಒಯ್ಯಲು ಬಂದರೂ ಎರಡು ಸಲ ಊದಿಯೇ ಹೊರಡುವುದು.

ಮಕ್ಕಳೇ, ನನ್ನ ಸಂಕೋಚ ನಿಮಗೆ ಗೊತ್ತಿದೆ. ನಿಮ್ಮ ಅಜ್ಜ ತೀರಿಕೊಂಡ ಮೇಲಂತೂ ಹೊರಗಿನವರ ಜೊತೆ ಬಾಗಿಲ ಮರೆಯಿಂದಲೇ ನನ್ನ ಮಾತು. ಆದರೆ ಅವರ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ.

ನಿಮ್ಮ ದೊಡ್ಡಕ್ಕ ಆಗ ಮೂರನೇ ಕ್ಲಾಸು. ದಿನಾ ಸಂಜೆ ದೀಪ ಹಚ್ಚಿ, ಭಜನೆ ಮುಗಿಸಿ, ನಾನೇ ಅವಳಿಂದ ಮಗ್ಗಿ ಹೇಳಿಸುತ್ತಿದ್ದೆ. ಒಂದೇ ಉಸಿರಿಗೆ, ರಾಗವಾಗಿ ಹೇಳುತ್ತಿದ್ದಳು. ನನಗೆ ಹೆಮ್ಮೆ. ಅಂಥವಳು ಇದ್ದಕ್ಕಿದ್ದಂತೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು ಎನ್ನತೊಡಗಿದಳು. ಕಷಾಯ ಕುಡಿಸಿದೆ. ಡಾಕ್ಟರಿಗೆ ತೋರಿಸಿದರೆ ಏನೂ ಇಲ್ಲ ಎಂದರು. ಒಂದು ದಿನ ಶಾಲೆಗೆ ಹೋಗುವುದೇ ಇಲ್ಲ ಎಂದು ಜಗಲಿಯ ಕಂಬ ಹಿಡಿದು ಅಳುತ್ತಿದ್ದಾಗ ಕಂಡಕ್ಟ್ರು ಬಂದರು.

"ಎಂತಾಯ್ತ್ ಹೆಣ್ಣೇ?"

"ಶಾಲೆಯಗೆ ಟೀಚರ್ ಮಗ್ಗಿ ನಡುವಿಂದ ಕೇಂತ್ರ್. ನಂಗೆ ಬೇಗ ಹೇಳುಕ್ ಆತಿಲ್ಲ. ಎಲ್ಲ ನೆಗಾಡ್ತ್ರ್."

"ಏಳೆಂಟ್ಲಿ ಎಷ್ಟ್?"

ಅವಳು ಕಣ್ಣು ಮುಚ್ಚಿದಳು. "ಏಳೊಂದ್ಲಿ ಏಳ್, ಏಳೆರಡ್ಲಿ ಹದ್ನಾಲ್ಕ್..." ಅಷ್ಟರಲ್ಲಿ ಅವರಿಗೆ ಕೆಮ್ಮು ಬಂತು. ಅವಳಿಗೆ ತಪ್ಪಿಹೋಯಿತು. ಮತ್ತೆ ಏಳೊಂದ್ಲಿಯಿಂದ ಶುರು.

"ಕುಂದಾಪ್ರಕ್ಕೆ ಹೋಪುಕೆ ನೀನ್ ಬಸ್ಸ್ ಎಲ್ಲ್ ಹತ್ತೂದ್?"

"ಇಲ್ಲೇ, ಕೋಟದಗೆ."

"ಮತ್ತೆ ಮಗ್ಗಿಗ್ ಎಂತಕ್ಕೆ ಪ್ರತಿ ಸಲ ಬ್ರಹ್ಮಾವರಕ್ಕೆ ಹೋತೆ ಮಾರಾಯ್ತಿ?"

ಅಳುತ್ತಿದ್ದವಳು ನಕ್ಕಳು. ಅವರು ಬಾಗಿಲ ಕಡೆ ತಿರುಗಿ, "ಅಕ್ಕ, ನೀವ್ ಹೇಳಿ ಕಾಂಬ, ಏಳೆಂಟ್ಲಿ?" ಎಂದರು. ನಾನೂ ಏಳೊಂದ್ಲಿಯಿಂದಲೇ ಗೊಣಗಿದೆ. ಉತ್ತರ ಸಿಗುವ ಮೊದಲೇ ನಾಚಿಕೆಯಾಗಿ ಅಡುಗೆಮನೆಗೆ ಹೋದೆ. ಅವಳಿಗೆ ಹಾಗೆ ಕಲಿಸಿದ್ದು ನಾನೇ ತಾನೆ?

ಮರುದಿನ ಅವರು ನಮ್ಮ ಅಂಗಳದಲ್ಲಿ ಹತ್ತು ಹಂಚಿನ ಚೂರುಗಳನ್ನು ಸಾಲಾಗಿ ಇಟ್ಟರು. ಅವೇ ಸ್ಟಾಪುಗಳು. ಮೊದಲು ಐದನೆಯದು, ಹತ್ತನೆಯದು ಮಾತ್ರ ಗಟ್ಟಿ ಮಾಡಿಸಿದರು: ಏಳೈದ್ಲಿ ಮೂವತ್ತೈದು, ಏಳ್ಹತ್ಲಿ ಎಪ್ಪತ್ತು. ಏಳಾರ್ಲಿ ಬೇಕೆಂದರೆ ಐದರಲ್ಲಿ ಹತ್ತಿ ಒಂದು ಸ್ಟಾಪು ಮುಂದೆ ಹಾರಬೇಕು. ಏಳೆಂಟ್ಲಿ ಬೇಕೆಂದರೆ ಹತ್ತರಿಂದ ಎರಡು ಸ್ಟಾಪು ಹಿಂದೆ: ಅರವತ್ತಮೂರು, ಐವತ್ತಾರು. ಸರಿಯಾದರೆ ಬಸ್ಸು ಹೊರಡಿಸುವ ಹಾಗೆ ಎರಡು ವಿಸಿಲ್. ತಪ್ಪಾದರೆ ಬೈಯುತ್ತಿರಲಿಲ್ಲ, ಜಗಲಿಯ ಅಡ್ಡತೊಲೆ ಹಿಡಿದು ಕಾಯುತ್ತಿದ್ದರು. ದಿನಕ್ಕೆ ಹತ್ತೇ ಪ್ರಶ್ನೆ. ಅವಳು ಇನ್ನೂ ಬೇಕೆಂದರೆ, "ಸಾಕ್, ಬಸ್ಸ್ ಫುಲ್ಲಾಯ್ತ್" ಎಂದು ಹೊರಟುಬಿಡುವರು. ಬಾಗಿಲ ಮರೆಯಲ್ಲಿ ನಾನೂ ಮನಸ್ಸಿನಲ್ಲೇ ಹಾರುತ್ತಿದ್ದೆ.

ಕ್ರಮೇಣ ಅವಳಿಗೆ ಚೂರುಗಳು ಬೇಡವಾದವು. ಬೇಲಿಯಾಚೆಯಿಂದ "ಹ್ವಾಯ್, ಆರೊಂಬತ್ಲಿ?" ಎಂದರೆ, ತಿರುಗಿಯೂ ನೋಡದೆ "ಐವತ್ನಾಲ್ಕ್" ಎನ್ನುವಳು.

ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳೇ ಚೀಲ ಎಸೆದು, ನನ್ನನ್ನು ದಾಟಿ ಬೇಲಿಗೆ ಓಡಿದಳು. "ಕಂಡಕ್ಟ್ರಜ್ಜ, ಇವತ್ತ್ ನಾನೇ ಎಲ್ಲರ್‌ಗಿಂತ ಮೊದ್ಲ್ ಹೇಳಿದ್ದ್!" ಆಚೆಯಿಂದ ಎರಡು ವಿಸಿಲ್ ಕೇಳಿಸಿತು. ನಾನು ಅಡುಗೆಮನೆಯಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಎಷ್ಟು ದಿನಗಳ ಮೇಲೆ ಸರಾಗವಾಗಿ ಉಸಿರಾಡಿದೆನೋ. ಮರುದಿನ ಅವಳು ನಾಲ್ಕು ದೋಸೆ ತಿಂದು ಶಾಲೆಗೆ ಹೋದಳು. ಕಷಾಯದ ಪಾತ್ರೆಯನ್ನು ತೊಳೆದು ಅಟ್ಟಕ್ಕೆ ಹಾಕಿದೆ.

ಹೋದ ವರ್ಷ ಅವರು ತೀರಿಕೊಳ್ಳುವ ಹಿಂದಿನ ವಾರ, ಗಂಜಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಅಂದು ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ, ಮಂಚದ ಹತ್ತಿರವೇ ಹೋದೆ. ಉಬ್ಬಸದ ನಡುವೆಯೂ ಅವರ ಕಣ್ಣು ನಗುತ್ತಿತ್ತು.

"ಅಕ್ಕ, ನೀವಿನ್ನೂ ಹೇಳಲೇ ಇಲ್ಲ. ಏಳೆಂಟ್ಲಿ?"

"ಐವತ್ತಾರ್" ಎಂದೆ, ಮನೆಯವರಿಗೆಲ್ಲ ಕೇಳುವ ಹಾಗೆ.

ವಿಸಿಲ್ ಊದಲು ಅವರಲ್ಲಿ ಉಸಿರಿರಲಿಲ್ಲ. ಬೆರಳಿನಿಂದ ಮಂಚದ ಪಟ್ಟಿಯನ್ನು ಎರಡು ಸಲ ತಟ್ಟಿದರು.