ಅಕ್ಕನಿಗೆ ಬೇಕಾಗಿದ್ದ ತಂಪು

ನನ್ನ ಹಳೆಯ ಪಿಕಪ್ಪಿನ ಎಸಿ ಬಗ್ಗೆ ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರಲಿಲ್ಲ. ಕೊಪ್ಪದಲ್ಲಿ ನನ್ನದು ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ. ಹಿಂದೆ ಸಾಮಾನು ತುಂಬಿಕೊಂಡು, ಕಿಟಕಿ ಇಳಿಸಿಕೊಂಡು ಹೋದರೆ ನಮ್ಮ ಕಡೆಯ ಗಾಳಿಯೇ ಸಾಕಾಗುತ್ತಿತ್ತು. ಗಾಡಿ ಕೊಂಡದ್ದೇ ಬೇರೆಯವರು ಓಡಿಸಿ ಬಿಟ್ಟ ಮೇಲೆ. ಆಗಲೇ ಎಸಿ ಸ್ವಿಚ್ಚು ಒತ್ತಿದರೆ ಒದ್ದೆ ಗೋಣಿಚೀಲದ ವಾಸನೆಯ ಗಾಳಿ ಬರುತ್ತಿತ್ತೇ ಹೊರತು ತಂಪು ಬರುತ್ತಿರಲಿಲ್ಲ. ನಗುತ್ತಾ ಬಿಟ್ಟಿದ್ದೆ.

ಅದು ಬೇಕಾಗಿ ಬಂದದ್ದು ಅಕ್ಕನಿಗೆ.

ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಮದುವೆ, ಉಪನಯನ, ತಿಥಿ ಎಂದು ಊರೂರಿಗೆ ಅಡುಗೆಗೆ ಹೋಗುತ್ತಿದ್ದಳು. ಅವಳಿಗೆ ಅಡುಗೆ ಹೇಳಿದವರು ನನಗೆ ಪಾತ್ರೆ ಹೇಳುತ್ತಿದ್ದರು. ಹೀಗಾಗಿ ವರ್ಷದ ಅರ್ಧದಷ್ಟು ದಿನ ನಾವಿಬ್ಬರೂ ಒಂದೇ ಗಾಡಿಯಲ್ಲಿ, ಹಿಂದೆ ಕೊಪ್ಪರಿಗೆಗಳ ಸದ್ದು ಕೇಳುತ್ತಾ ಓಡಾಡಿದವರು. ನರಸಿಂಹರಾಜಪುರದಾಚೆ ಸೀತೂರಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋದಾಗ ಗ್ಯಾಸಿನ ಒಲೆಯ ಟ್ಯೂಬು ಸೋರಿ ಬೆಂಕಿ ಎದ್ದಿತು. ಅವಳ ಸೀರೆಗೆ ಹಿಡಿಯಿತು. ನಾನು ಅಂಗಳದಲ್ಲಿ ಕುರ್ಚಿ ಇಳಿಸುತ್ತಿದ್ದೆ. ಓಡಿ ಹೋಗುವಷ್ಟರಲ್ಲಿ ಯಾರೋ ಜಮಖಾನ ಸುತ್ತಿ ಅವಳನ್ನು ನೆಲಕ್ಕೆ ಕೆಡವಿದ್ದರು.

ಒಲೆ ನನ್ನದು. ಟ್ಯೂಬೂ ನನ್ನದು. ಅದನ್ನು ಬದಲಾಯಿಸಬೇಕೆಂದು ಹಿಂದಿನ ವಾರವೇ ಅಂದುಕೊಂಡಿದ್ದೆ. ಹೊಸ ಟ್ಯೂಬಿನ ಸುರುಳಿ ಅಂಗಡಿಯಲ್ಲೇ ಇತ್ತು. ಕತ್ತರಿಸಿ ಹಾಕಲು ಹತ್ತು ನಿಮಿಷ ಸಾಕು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕರಾವಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು ಅಕ್ಕ ಬದುಕಿ ಬಂದಳು. ಕುತ್ತಿಗೆ, ಎದೆ, ಬೆನ್ನು, ಎರಡೂ ತೋಳುಗಳಿಗೆ ತೊಡೆಯ ಚರ್ಮ ತೆಗೆದು ಕಸಿ ಮಾಡಿದ್ದರು. ಮನೆಗೆ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದರು. ಒಂದು, ಹದಿನೈದು ದಿನಕ್ಕೊಮ್ಮೆ ಬಂದು ಕುತ್ತಿಗೆಗೂ ಬಲಗೈಗೂ ವ್ಯಾಯಾಮ ಮಾಡಿಸಲೇಬೇಕು, ಇಲ್ಲದಿದ್ದರೆ ಹೊಸ ಚರ್ಮ ಸುರುಟಿಕೊಂಡು ಕುತ್ತಿಗೆಯನ್ನು ಎಳೆದುಬಿಡುತ್ತದೆ. ಇನ್ನೊಂದು, ಕಸಿ ಮಾಡಿದ ಚರ್ಮ ಬೆವರುವುದಿಲ್ಲ. ಮೈಯ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಸೆಕೆಯಲ್ಲಿ ಅವರನ್ನು ಕೂರಿಸಬೇಡಿ.

ಎರಡು ಮಾತೂ ಒಟ್ಟಿಗೆ ನಡೆಯುವಂಥವಲ್ಲ ಎಂದು ನನಗೆ ಅಲ್ಲಿ ಹೊಳೆಯಲಿಲ್ಲ.

ಮೊದಲೆರಡು ಸಲ ಬಾಡಿಗೆ ಕಾರಿನಲ್ಲಿ ಹೋದೆವು. ಕಾರಿನ ಎಸಿ ಚೆನ್ನಾಗಿಯೇ ಇತ್ತು. ಆದರೆ ಡ್ರೈವರು ಕನ್ನಡಿಯಲ್ಲಿ ಮತ್ತೆ ಮತ್ತೆ ಅಕ್ಕನ ಕುತ್ತಿಗೆ ನೋಡುತ್ತಿದ್ದ. ಕೆಟ್ಟವನಲ್ಲ, ನೋಡದೇ ಇರಲು ಅವನಿಂದ ಆಗುತ್ತಿರಲಿಲ್ಲ, ಅಷ್ಟೆ. ಅಕ್ಕ ಸೆರಗು ಎಳೆದುಕೊಂಡು ಇಡೀ ದಾರಿ ಕಿಟಕಿಯ ಕಡೆ ತಿರುಗಿ ಕುಳಿತಳು. ಮೂರನೆಯ ಸಲ ಹೊರಡುವ ಮುಂಚೆ ಹೇಳಿದಳು: "ಬೇರೆಯವ್ರ ಗಾಡೀಲಿ ನಾ ಬರಲ್ಲ. ಪಿಕಪ್ಪಲ್ಲಾದ್ರೆ ಬರ್ತೀನಿ."

ಏಪ್ರಿಲ್ ತಿಂಗಳು. ಕೊಪ್ಪದಿಂದ ಶೃಂಗೇರಿ, ಅಲ್ಲಿಂದ ಕೆರೆಕಟ್ಟೆ, ಕಾಡು ದಾಟುವವರೆಗೂ ಏನೂ ತೊಂದರೆಯಿರಲಿಲ್ಲ. ಬೆಳಗಿನ ತಂಪಿತ್ತು. ಹನ್ನೊಂದಕ್ಕೆ ವ್ಯಾಯಾಮ ಮುಗಿಸಿ ಮಧ್ಯಾಹ್ನ ವಾಪಸು ಹೊರಟಾಗ ಕೆಳಗಿನ ಸೀಮೆ ಕಾದು ಬಾಣಲೆಯಾಗಿತ್ತು. ಎಸಿ ಹಾಕಿದೆ. ಬಿಸಿ ಗಾಳಿ. ಕಿಟಕಿ ಇಳಿಸಿದೆ. ಅದಕ್ಕಿಂತ ಬಿಸಿ. ಘಾಟಿಯ ಬುಡ ಇನ್ನೂ ಸಿಕ್ಕಿರಲಿಲ್ಲ, ಅಕ್ಕ ಮಾತು ನಿಲ್ಲಿಸಿದಳು.

"ಅಕ್ಕ, ಎಂತ ಆಗ್ತಿದೆ?"

"ಮನೆ ಬಂತಾ?" ಎಂದಳು. ಮುಖ ಕೆಂಪಡರಿತ್ತು. ಹಣೆಯಲ್ಲಿ ಮಾತ್ರ ಬೆವರು. ಉಳಿದ ಮೈ ಒಣಗಿದ ಹಂಚಿನ ಹಾಗೆ ಸುಡುತ್ತಿತ್ತು.

ರಸ್ತೆ ಬದಿಯ ಸೋಡಾ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯವರು ಐಸ್ ಡಬ್ಬಿಯ ನೀರನ್ನೇ ಕೊಟ್ಟರು. ಟವೆಲ್ ಅದ್ದಿ ಅವಳ ಮೈಗೆ ಹೊದಿಸುತ್ತಾ ಒಂದು ಗಂಟೆ ಕೂತೆ. ಪ್ರಜ್ಞೆ ಸರಿಯಾಗಿ ಬಂದ ಮೇಲೆ ಅವಳು ಕೇಳಿದ್ದು, "ಸೋಡಾ ಕುಡಿದ್ಯಾ ನೀನು?" ಎಂದು.

ಮರುದಿನವೇ ಕೊಪ್ಪದಲ್ಲಿ ಎಸಿಗೆ ಗ್ಯಾಸ್ ತುಂಬಿಸಿದೆ. ಹತ್ತು ದಿನ ಗಾಡಿ ತಣ್ಣಗಿತ್ತು. ಹೊರಡಬೇಕಾದ ದಿನದ ಹೊತ್ತಿಗೆ ಮತ್ತೆ ಮೊದಲಿನ ಹಾಗೆಯೇ ಆಯಿತು. ಆ ಸಲ ಐಸ್ ಗಡ್ಡೆ ತುಂಬಿದ ಬಕೆಟ್ಟು, ನಾಲ್ಕು ಒದ್ದೆ ಟವೆಲ್ ಇಟ್ಟುಕೊಂಡು ಹೇಗೋ ಹೋಗಿ ಬಂದೆವು. ಬಂದವಳು ಎರಡು ದಿನ ಹಾಸಿಗೆಯಿಂದ ಏಳಲಿಲ್ಲ.

ನರಸಿಂಹರಾಜಪುರದಲ್ಲಿ ಗಾಡಿಗಳ ಎಸಿ ಕೆಲಸ ಮಾತ್ರ ಮಾಡುವ ಒಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಅರವತ್ತು ದಾಟಿದವರು, ಮಾತು ಕಡಿಮೆ. ಅವರು ಗಾಳಿ ಬರುವ ಕಿಂಡಿಯಲ್ಲಿ ಒಂದು ಥರ್ಮಾಮೀಟರ್ ಸಿಕ್ಕಿಸಿ, ಇಂಜಿನ್ ಚಾಲೂ ಇಟ್ಟು, ಎಲೆಯಡಿಕೆ ಹಾಕಿಕೊಂಡು ಕೂತರು. ಸ್ವಲ್ಪ ಹೊತ್ತಾದ ಮೇಲೆ ಮುಂದಿನ ಜಾಲರಿ ಬಿಚ್ಚಿದರು. ರೇಡಿಯೇಟರಿನ ಮುಂದೆ ಇರುವ ಕಂಡೆನ್ಸರ್ ಎಂಬ ಭಾಗದ ಸಂದುಗಳಲ್ಲಿ ವರ್ಷಗಳ ಕೆಂಪು ಮಣ್ಣು, ಹುಳು, ಭತ್ತದ ಹೊಟ್ಟು ಗಟ್ಟಿಯಾಗಿ ಕೂತಿತ್ತು.

"ಒಳಗಿನ ಬಿಸಿ ಹೊರಗೆ ಹೋಗೋದು ಇಲ್ಲಿಂದ. ಇದು ಕಟ್ಟಿಕೊಂಡ್ರೆ ಎಷ್ಟು ಗ್ಯಾಸ್ ಹಾಕಿದ್ರೂ ಅಷ್ಟೇ ಮಾರಾಯ್ರೆ."

ಡಾಕ್ಟರ ಮಾತಿಗೂ ಇವರ ಮಾತಿಗೂ ವ್ಯತ್ಯಾಸವೇ ಇರಲಿಲ್ಲ.

ಕಂಡೆನ್ಸರನ್ನು ನೀರು ಹಾಯಿಸಿ ತೊಳೆದರು. ಇಂಜಿನ್ನಿನ ಬಿಸಿನೀರಿನ ಒಂದು ಪೈಪು ಡ್ಯಾಶ್‌ಬೋರ್ಡಿನ ಒಳಗೆ ಹೋಗಿ ತಣ್ಣನೆ ಗಾಳಿಯನ್ನು ಬಿಸಿ ಮಾಡುತ್ತಿತ್ತು. ಅದಕ್ಕೆ ಅಡ್ಡ ಕಟ್ಟಿದರು. ಆಮೇಲೆ ಒಂದು ಬಟ್ಟಲಲ್ಲಿ ಸೋಪಿನ ನೊರೆ ಮಾಡಿ, ಬ್ರಷ್ಷಿನಿಂದ ಗ್ಯಾಸಿನ ಪೈಪುಗಳಿಗೆಲ್ಲ ಹಚ್ಚುತ್ತಾ ಬಂದರು. ಒಂದು ಕಡೆ ನೊರೆ ಸಣ್ಣಗೆ ಉಬ್ಬಿತು.

"ನೋಡಿ, ಇಲ್ಲಿ. ರಬ್ಬರ್ ಹಳತಾದ್ರೆ ಹೀಗೇ. ಕಣ್ಣಿಗೆ ಕಾಣಲ್ಲ. ಸೋಪು ಹಚ್ಚಿದ್ರೆ ಗೊತ್ತಾಗುತ್ತೆ. ಒಂದು ನಿಮಿಷದ ಕೆಲಸ."

ನಾನು ಅಂಗಡಿಯಿಂದ ಹೊರಗೆ ಬಂದು ರಸ್ತೆಯ ಆಚೆ ಬದಿ ನಿಂತೆ. ಅವರು ಕೂಗಿ ಕರೆದದ್ದು ಕೇಳಿಸಿದರೂ ಕೂಡಲೇ ಹೋಗಲಾಗಲಿಲ್ಲ.

ಪೈಪು ಬದಲಾಯಿತು. ಆದರೆ ಡ್ಯಾಶ್‌ಬೋರ್ಡಿನ ಒಳಗೆ ಗಾಳಿಯನ್ನು ತಣ್ಣಗೆ ಮಾಡುವ ಕೂಲಿಂಗ್ ಕಾಯಿಲ್ ಕೂಡ ತೂತಾಗಿತ್ತು. ಅಷ್ಟು ಹಳೆಯ ಗಾಡಿಗೆ ಹೊಸದು ಸಿಗುವುದಿಲ್ಲ ಎಂದರು. ಶಿವಮೊಗ್ಗದ ಗುಜರಿಗಳನ್ನು ಎರಡು ದಿನ ಸುತ್ತಿ, ಅಪಘಾತವಾದ ಒಂದು ಗಾಡಿಯಿಂದ ತೆಗೆದ ಕಾಯಿಲ್ ತಂದುಕೊಟ್ಟೆ. ಅವರು ಹಾಕುವಾಗ ನಾನು ನನ್ನದೇ ಕೆಲಸ ಹಚ್ಚಿಕೊಂಡೆ. ಇಂಜಿನ್ನಿನ ಬಿಸಿ ಕಾಲ ಬಳಿಗೆ ಬಾರದಂತೆ ಚಾಪೆಯಡಿ ಶಾಖ ತಡೆಯುವ ಹಾಳೆ ಹಾಸಿದೆ. ಬಾಗಿಲ ರಬ್ಬರ್ ಬದಲಾಯಿಸಿದೆ. ಆಳುಗಳು ಕೂರುವ ಹಿಂದಿನ ಸೀಟಿನ ಜಾಗವನ್ನೂ ತಣ್ಣಗೆ ಮಾಡುವುದು ದಂಡ ಎಂದು, ಮುಂದಿನ ಸೀಟಿನ ಬೆನ್ನಿಗೆ ದಪ್ಪ ಶಾಮಿಯಾನದ ಬಟ್ಟೆಯನ್ನು ಎರಡು ಪದರ ಮಾಡಿ ಪರದೆ ಕಟ್ಟಿದೆ. ಎಲ್ಲ ಮುಗಿದ ಮೇಲೆ ಮೆಕ್ಯಾನಿಕ್ಕರು ಮತ್ತೆ ಥರ್ಮಾಮೀಟರ್ ಸಿಕ್ಕಿಸಿದರು. ಮೂವತ್ತೆರಡು ಡಿಗ್ರಿಯಲ್ಲಿದ್ದದ್ದು ಹತ್ತಕ್ಕೆ ಇಳಿಯಿತು. ನಾನು ಅವರ ಕೈ ಹಿಡಿದುಕೊಂಡೆ. ಅವರಿಗೆ ಮುಜುಗರವಾಯಿತು.

ಮೇ ತಿಂಗಳ ಆ ಪ್ರಯಾಣ ನನಗೆ ಚೆನ್ನಾಗಿ ನೆನಪಿದೆ. ಹೋಗುವಾಗ ಅಕ್ಕ ಮಾತಾಡುತ್ತಾ ಬಂದಳು. ಮೇಗುಂದದ ಒಂದು ಮದುವೆಯಲ್ಲಿ ಪಾಯಸಕ್ಕೆ ಉಪ್ಪು ಬಿದ್ದದ್ದನ್ನು ಹೇಳಿ ನಕ್ಕಳು. ವ್ಯಾಯಾಮ ಮಾಡಿಸುವ ಹೆಣ್ಣುಮಗಳು ಅವಳ ಗದ್ದ ಎತ್ತಿ ಅಳತೆ ನೋಡಿ, "ಹೀಗೇ ಬರ್ತಾ ಇದ್ರೆ ಕುತ್ತಿಗೆ ಉಳಿಯುತ್ತೆ" ಎಂದಳು. ವಾಪಸು ಬರುವಾಗ, ಅಂಥ ಮಧ್ಯಾಹ್ನದಲ್ಲೂ, ಅಕ್ಕ ಸೀಟಿಗೆ ಒರಗಿ ನಿದ್ದೆ ಹೋದಳು. ಸುಟ್ಟ ಮೇಲೆ ಅವಳು ಹಗಲು ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಗುಂಡಿ ತಪ್ಪಿಸಿ ತಪ್ಪಿಸಿ ಮೆಲ್ಲಗೆ ಓಡಿಸಿದೆ.

ಘಾಟಿ ಏರಲು ಶುರುವಾದ ಮೇಲೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಎಸಿಯ ಭಾರ, ಏರಿನ ಭಾರ, ಎರಡನ್ನೂ ಆ ಇಂಜಿನ್ ಹೊರಲಾರದು. ಎಸಿ ಆರಿಸಿದರೆ ಅಕ್ಕ ಬೇಯುತ್ತಾಳೆ, ಆರಿಸದಿದ್ದರೆ ಇಂಜಿನ್ ಬೇಯುತ್ತದೆ. ಇನ್ನೊಂದು ತಿರುವು, ಇನ್ನೊಂದು ತಿರುವು ಎಂದು ತಳ್ಳಿದೆ. ಆಮೇಲೆ ಬಾನೆಟ್ಟಿನಿಂದ ಹಬೆ ಎದ್ದಿತು.

ಗಾಡಿ ನಿಂತಲ್ಲಿ ಮರಗಳ ನೆರಳಿತ್ತು, ಗಾಳಿ ಇರಲಿಲ್ಲ. ಅಕ್ಕನನ್ನು ಇಳಿಸಿ ಮೋರಿಯ ಕಟ್ಟೆಯ ಮೇಲೆ ಕೂರಿಸಿದೆ. ಇದ್ದ ನೀರಲ್ಲಿ ಅರ್ಧ ಅವಳ ಮೈಮೇಲೆ ಸುರಿದೆ, ಅರ್ಧ ರೇಡಿಯೇಟರಿಗೆಂದು ಇಟ್ಟೆ. ಅದು ಸಾಲದೆ, ಹೋಗಿ ಬರುವ ಗಾಡಿಗಳಿಗೆ ಕೈ ಮಾಡಿದೆ. ಒಂದು ಬಸ್ಸು ನಿಂತಿತು. ಕಂಡಕ್ಟರ್ ಎರಡು ಬಾಟಲಿ ನೀರು ಕೊಟ್ಟು, ಬೇಕಾದರೆ ಅಮ್ಮನವರನ್ನು ಹತ್ತಿಸಿ ಎಂದ. ಕಿಟಕಿಗಳಲ್ಲಿ ಮುಖಗಳು ಸಾಲಾಗಿ ಕಾಣಿಸಿಕೊಂಡವು. ಅಕ್ಕ ತಲೆಯಾಡಿಸಿ ಸೆರಗು ಎಳೆದುಕೊಂಡಳು. ಬಸ್ಸು ಹೋಯಿತು.

ಇಂಜಿನ್ ಆರಲು ಕಾಯುತ್ತಿದ್ದಾಗ ಅವಳು ಕರೆದಳು. "ಇಲ್ಲಿ ಬಾ. ಕೂತ್ಕೋ."

ಕೂತೆ.

"ಇನ್ನು ಸಾಕು ಮಾರಾಯ. ನಾ ಬರಲ್ಲ."

"ರೇಡಿಯೇಟರ್ ಸರಿ ಮಾಡಿಸ್ತೀನಿ. ಫ್ಯಾನ್ ಬದಲಾಯಿಸಿದ್ರೆ ಆಯ್ತು. ಮುಂದಿನ ಸಲ—"

"ಅದಕ್ಕಲ್ಲ." ಅವಳು ಒದ್ದೆ ಸೆರಗನ್ನು ಕುತ್ತಿಗೆಗೆ ಒತ್ತಿಕೊಂಡಳು. "ಆ ಟ್ಯೂಬು ಬಿರುಕು ಬಿಟ್ಟಿದ್ದು ನಂಗೂ ಕಂಡಿತ್ತು. ಒಲೆ ಹಚ್ಚೋಕೆ ಮುಂಚೆನೇ. ನಿನ್ನನ್ನ ಕರೀಬೇಕು ಅಂದ್ಕೊಂಡೆ, ಸಾರಿಗೆ ಹೊತ್ತಾಯ್ತು ಅಂತ ಹಚ್ಚಿಬಿಟ್ಟೆ. ನೀನು ಅದನ್ನೇ ಹೊತ್ಕೊಂಡು ತಿರುಗ್ತಿದೀಯ. ಎಷ್ಟು ಅಂತ ತಿರುಗ್ತೀಯ?"

ಅವಳಿಗೆ ಕಂಡಿತ್ತು ಎಂಬ ಮಾತು ನನ್ನ ಭಾರವನ್ನು ಇಳಿಸಬೇಕಿತ್ತು. ಇಳಿಯಲಿಲ್ಲ. ಅವಳು ನಿಜ ಹೇಳಿದಳೋ, ನನಗೋಸ್ಕರ ಕಟ್ಟಿ ಹೇಳಿದಳೋ ಎಂಬುದೂ ನನಗೆ ಇವತ್ತಿನವರೆಗೆ ಗೊತ್ತಿಲ್ಲ. ಕೇಳುವ ಧೈರ್ಯ ಬಂದಿಲ್ಲ.

ಕೆರೆಕಟ್ಟೆ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅಕ್ಕ ಆಮೇಲೆ ನಿದ್ದೆ ಮಾಡಲಿಲ್ಲ.

ಮತ್ತೆ ನರಸಿಂಹರಾಜಪುರಕ್ಕೆ ಹೋದೆ. ಮೆಕ್ಯಾನಿಕ್ಕರು ರೇಡಿಯೇಟರ್ ಬಿಚ್ಚಿ ತೊಳೆಸಿದರು, ಹೆಚ್ಚಿನ ಒಂದು ಫ್ಯಾನ್ ಕೂರಿಸಿದರು. "ಈ ಇಂಜಿನ್ನಿಗೆ ಇನ್ನು ಇಷ್ಟೇ. ಏರಲ್ಲಿ ಐದೈದು ನಿಮಿಷಕ್ಕೊಮ್ಮೆ ಎಸಿ ಬಂದ್ ಮಾಡಿ ಮತ್ತೆ ಹಾಕಿ" ಎಂದರು. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಬೀನ್ಸಿನ ನಾರು ತೆಗೆಯುತ್ತಿದ್ದಳು, ಎಡಗೈಯಲ್ಲಿ, ಒಂದೊಂದಾಗಿ. "ಹೌದನಾ" ಎಂದಳು, ಅಷ್ಟೆ. ಮುಂದಿನ ಸಲದ ದಿನ ಬೆಳಿಗ್ಗೆ ಗಾಡಿ ತಿರುಗಿಸಿ ನಿಲ್ಲಿಸಿ ಹಾರ್ನ್ ಹೊಡೆದೆ. ಅವಳು ಬಾಗಿಲಿಗೂ ಬರಲಿಲ್ಲ. ಹೆಂಡತಿ ಹೊರಗೆ ಬಂದು, "ಒತ್ತಾಯ ಮಾಡ್ಬೇಡಿ" ಎಂದು ಒಳಗೆ ಹೋದಳು.

ಮಳೆಗಾಲ ಶುರುವಾಯಿತು. ಈಗ ಕೆಳಗೂ ಸೆಕೆಯಿಲ್ಲ, ಹೋಗೋಣ ಎಂದೆ. ಬೇಡ ಎಂದಳು. ಆಸ್ಪತ್ರೆಯ ಆ ಹೆಣ್ಣುಮಗಳು ಮೂರು ಸಲ ಫೋನು ಮಾಡಿದಳು. ಮನೆಯಲ್ಲೇ ಮಾಡುವ ವ್ಯಾಯಾಮವನ್ನು ವೀಡಿಯೋದಲ್ಲಿ ತೋರಿಸಿದಳು. ಅಕ್ಕ ನಾಲ್ಕು ದಿನ ಮಾಡಿದಳು. ಚರ್ಮ ಎಳೆಯುವಾಗಿನ ನೋವಿಗೆ ಅವಳ ಕಣ್ಣಲ್ಲಿ ನೀರು ಬರುವುದನ್ನು ನನ್ನಿಂದ ನೋಡಲಾಗಲಿಲ್ಲ. ಒತ್ತಿ ಹಿಡಿಯಬೇಕಾದ ನನ್ನ ಕೈಯೇ ಸಡಿಲವಾಯಿತು. ಐದನೆಯ ದಿನ ಅವಳೂ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ದೀಪಾವಳಿಯ ಹೊತ್ತಿಗೆ ಗದ್ದ ಎದೆಯ ಕಡೆಗೆ ಇಳಿದಿತ್ತು. ಬಲಗೈ ಬೆರಳುಗಳು ಮಡಚಿ ನಿಂತವು. ಇನ್ನು ಮತ್ತೆ ಆಪರೇಷನ್ನೇ ದಾರಿ ಎಂದು ಡಾಕ್ಟರು ಫೋಟೋ ನೋಡಿ ಹೇಳಿದರು. ಅಕ್ಕ ಒಪ್ಪಲಿಲ್ಲ. ಒಪ್ಪಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಗಾಡಿಯ ಎಸಿ ಈಗ ಚೆನ್ನಾಗಿದೆ. ಶಾಮಿಯಾನ ಕಟ್ಟಲು ಬರುವ ಆಳುಗಳು ಬಿಸಿಲಲ್ಲಿ ದುಡಿದು ಬಂದು, ಹತ್ತಿದ ಕೂಡಲೇ ಹಾಯೆನ್ನುತ್ತಾರೆ. ನಾನು ಸ್ವಿಚ್ಚು ಹಾಕಿ ಕಿಟಕಿ ಏರಿಸುತ್ತೇನೆ.

ಅಕ್ಕ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಇರುತ್ತಾಳೆ. ತಲೆ ಎತ್ತಲು ಆಗುವುದಿಲ್ಲವಾದ್ದರಿಂದ ನಿಂತವರ ಮುಖ ಅವಳಿಗೆ ಕಾಣುವುದಿಲ್ಲ, ಸೊಂಟದವರೆಗೆ ಕಾಣುತ್ತದೆ. ಅಂಗಡಿ ಮುಚ್ಚಿ ಬಂದಾಗ ನಾನು ಅವಳ ಮಂಚದ ಮುಂದೆ ನೆಲದ ಮೇಲೆ ಕೂರುತ್ತೇನೆ. ಹಾಗೆ ಕೂತರೆ ಅವಳು ನನ್ನನ್ನು ನೋಡಿ ಮಾತಾಡಬಹುದು. ಎಲ್ಲಿ ಮದುವೆಯಿತ್ತು, ಎಷ್ಟು ಜನ ಉಂಡರು, ಯಾರ ಅಡುಗೆ ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ.